ಉಸಿರು ಕಟ್ಟಿದ ನಿಂಗರಾಜ

ಹನಗೋಡಿನ ನಿಂಗರಾಜನಿಗೆ ಐವತ್ತು ದಾಟಿದ್ದರೂ ಚಿಕ್ಕಂದಿನ ಒಂದು ಹಟ ಬಿಟ್ಟಿರಲಿಲ್ಲ. ಕೇಳಿದ್ದು ಸಿಗದಿದ್ದರೆ ಮೂಗು ಹಿಡಿದು ಉಸಿರು ಕಟ್ಟುತ್ತಿದ್ದ. ಮುಖ ಕೆಂಪಾಗುತ್ತಿದ್ದಂತೆ ಮೊದಲು ಅವ್ವ ಸೋಲುತ್ತಿದ್ದಳು, ಮದುವೆಯಾದ ಮೇಲೆ ಹೆಂಡತಿ ಸುಮಿತ್ರಾ.

ಈ ಸಲ ಅವನಿಗೆ ಕುದುರೆ ಬೇಕಾಗಿತ್ತು. ಎಚ್.ಡಿ. ಕೋಟೆಯಲ್ಲಿ ಯಾರೋ ಒಂದು ಬಿಳಿ ಕುದುರೆ ಮಾರುತ್ತಿದ್ದರು.

"ಅದುಕ್ಕೆ ಮೇವು ಯಾರು ತರೋರು? ಬ್ಯಾಡ ಅಂದ್ರೆ ಬ್ಯಾಡ," ಎಂದಳು ಅವರೆಕಾಯಿ ಸುಲಿಯುತ್ತಿದ್ದ ಸುಮಿತ್ರಾ.

"ಅಂಗಾರೆ ನಾನು ಸಾಯ್ತೀನಿ ಕಣೆ!" ಎಂದು ನಿಂಗರಾಜ ಬಾಯಿ ಬಿಗಿದು ಮೂಗು ಹಿಡಿದ.

ಸುಮಿತ್ರಾ ಗಾಬರಿಯಿಂದ ಎದ್ದಳು. ನರ್ಸಿಂಗ್ ಓದುತ್ತಿದ್ದ ಅವಳ ಅಣ್ಣನ ಮಗಳು ರೂಪಶ್ರೀ ರಜೆಗೆ ಬಂದಿದ್ದಳು. ಅತ್ತೆಯ ಕೈ ಹಿಡಿದು ಕೂರಿಸಿದಳು.

"ಸುಮ್ನಿರಿ ಅತ್ತೆ. ಕತ್ತಿನ ಮ್ಯಾಲೆ, ಬುರುಡೆ ಒಳಗೆ ಮೆದುಳಿನ ಕಾಂಡ ಅಂತ ಹೆಬ್ಬೆಟ್ಟಿನಷ್ಟು ದಪ್ಪಂದು ಒಂದು ಇರ್ತದೆ. ಉಸಿರು, ಎದೆಬಡಿತ ನೋಡ್ಕಳೋದು ಅದೇಯ. ಮಾವನ್ನ ಕೇಳಿ ಅದು ಕೆಲಸ ಮಾಡಾಕಿಲ್ಲ. ಗ್ಯಾನ ತಪ್ಪಿದ್ರೂ ಕೈ ಸಡಿಲ ಆಗಿ ಅದೇ ಉಸಿರಾಡಿಸ್ತದೆ."

ಸುಮಿತ್ರಾ ಗಂಡನ ಮುಖವನ್ನೇ ನೋಡುತ್ತಾ ಮತ್ತೆ ಅವರೆ ಸುಲಿಯತೊಡಗಿದಳು. ನಿಂಗರಾಜನ ಕಣ್ಣುಗುಡ್ಡೆಗಳು ಹೊರಬರುವಂತಾದವು. ಕೊನೆಗೆ ಕಮ್ಮಾರನ ತಿದಿಯಂತೆ ಬುಸ್ಸೆಂದು ಉಸಿರು ಬಿಟ್ಟ. ಸಿಟ್ಟಿನಿಂದ ಎದ್ದವನು ತೂರಾಡಿ ಕಂಬ ಹಿಡಿದುಕೊಂಡ.

"ನಿಧಾನ ಮಾವ," ಎಂದಳು ರೂಪಶ್ರೀ. "ನೆಟ್ಟಗೆ ನಿಲ್ಲಿಸೋ ಕಿರುಮೆದುಳು ಪಾಪ, ಇನ್ನೂ ಸುಧಾರಿಸ್ಕತಾ ಅದೆ."

"ನನ್ನ ತಲೇಲೇ ಇದ್ಕಂಡು ಎಲ್ಲಾ ನಿನ್ನ ಕಡೆ ಸೇರ್ಕಂಡವಲ್ಲೇ!" ಎಂದು ಅವನು ಹೆಂಡತಿಯತ್ತ ಗೊಣಗಿದ. ಸುಮಿತ್ರಾಗೆ ನಗು ತಡೆಯಲಾಗಲಿಲ್ಲ. ಅವಳನ್ನು ನೋಡಿ ಅವನೂ ನಕ್ಕುಬಿಟ್ಟ.

"ಕೊಳ್ಳಾದು ಬ್ಯಾಡ ಬುಡು. ಒಂದ್ಸಲ ಆ ಕುದ್ರೆ ಮ್ಯಾಲೆ ಅತ್ಕಂಡಾದ್ರೂ ಬರ್ಲಾ?"

"ಈ ಅವರೆ ಮುಗೀಲಿ ಇರಿ," ಎಂದಳು ಸುಮಿತ್ರಾ, "ನಾನೂ ಬತ್ತೀನಿ."