ಸೂಪರ್‌ವೈಸರ್ ಪಾಲಿನ ರೊಟ್ಟಿ

ನಾರಾಯಣಪೇಟೆಯಲ್ಲಿ ಯಾರಾದರೂ ಸೀನಿದರೆ, ಮಕ್ತಲ್‌ನ ನನ್ನ ಮನೆಯಲ್ಲಿ ಮಲಗಿದ್ದಲ್ಲೇ ಅವರ ಮುತ್ತಜ್ಜನ ಹೆಸರು ಹೇಳಿಬಿಡುತ್ತೇನೆ. ಜನರನ್ನು ಅಷ್ಟು ಬಲ್ಲವನು ಈ ಮಾಳಿಂಗಪ್ಪ. ಗದ್ವಾಲದ ಹೊರಗಿನ ಒಂದು ಹತ್ತಿ ಮಿಲ್ಲಿಗೆ ಸೂಪರ್‌ವೈಸರ್. ಕೈಕೆಳಗೆ ನಾನೂರು ಹೆಂಗಸರು. ಹೋಗಲಿ, ನಲವತ್ತು ಅನ್ನಿ. ಸಾಲಾಗಿ ಕೂತು ಹತ್ತಿಯಿಂದ ಕಸ ಆರಿಸುವವರು.

ನಮ್ಮಲ್ಲೊಂದು ಪದ್ಧತಿ. ಹೊಸಬಳು ಬಂದ ದಿನ ಸೂಪರ್‌ವೈಸರ್ ಅವಳ ಪಕ್ಕದಲ್ಲಿ ಕೂತು, ಅವಳ ಬುತ್ತಿಯಿಂದ ಒಂದು ರೊಟ್ಟಿ ತಿನ್ನಬೇಕು. ಅಲ್ಲಿಗೆ ಅವಳು ನಮ್ಮವಳಾದಳು. ನಾನು ಹಾಗೆ ತಿಂದ ರೊಟ್ಟಿ ಪೇರಿಸಿದರೆ ಗದ್ವಾಲದ ಕೋಟೆ ಮೊಣಕಾಲುದ್ದ ಕಾಣುತ್ತದೆ.

ಮೊನ್ನೆ ಮಂಗಳವಾರ ಊಟದ ಹೊತ್ತಿಗೆ ಮಲ್ದಕಲ್‌ನಿಂದ ಮೊಗುಲಮ್ಮ ಬಂದಳು. ಅವಳ ಮಗಳು ಝಾನ್ಸಿ ನಮ್ಮಲ್ಲಿ ಎರಡು ತಿಂಗಳು ದುಡಿದವಳು. ಜ್ವರ ಬಂದು ತೀರಿಕೊಂಡು ಹದಿನೈದು ದಿನವಾಗಿತ್ತು.

"ಮಾಳಿಂಗಪ್ಪ ಸಾಹೇಬ್ರು ನೀವೇ ಏನ್ರಿ?"

"ನಾನ ಯಮ್ಮಾ. ಕುಂದರ್ರಿ."

"ಮಗಳ ಬಾಯಾಗ ದಿನಾ ನಿಮ್ಮದ ಮಾತ್ರಿ. ಸಾಹೇಬ್ರು ಬಾಜೂಕ ಕುಂತು ರೊಟ್ಟಿ ತಿಂತಾರ, ಮನಿ ಸುದ್ದಿ ಕೇಳ್ತಾರ ಅಂತಿದ್ಲು. ಅದಕ್ಕ ಅಕಿ ಮೂರು ರೊಟ್ಟಿ ಜೋಡಿ ನಿಮಗಂತ ಒಂದು ಬಡಿದು ಕಟ್ತಿದ್ದೆ." ಅವಳು ಕೈಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚತೊಡಗಿದಳು. "ಇವತ್ತೂ ತಂದೀನಿ. ಅಕಿ ಇಲ್ಲಿ ಹ್ಯಾಂಗಿದ್ಲು, ಒಂಚೂರು ಹೇಳ್ರಿ. ಅದನ್ನ ಕೇಳಾಕ ಬಂದೀನಿ."

ಝಾನ್ಸಿಯ ಸಾಲಿನಲ್ಲೇ ಕಸ ಆರಿಸುವ ಸರಿತಾ ಹತ್ತಿರ ಕೂತಿದ್ದಳು, ತಲೆ ತಗ್ಗಿಸಿದಳು. ನನ್ನ ನಾಲಿಗೆ ಸುಮ್ಮನಿರುವಂಥದ್ದೇ?

"ನಿಮ್ಮ ಮಗಳು ನಕ್ಕರ ಮಿಷಿನ್ ಸಪ್ಪಳ ಸೈತ ಕೇಳ್ತಿದ್ದಿಲ್ಲ ಯಮ್ಮಾ. ಅಕಿ ಆರಿಸಿದ ಹತ್ತಿ ನೋಡಾಕ ಹೈದರಾಬಾದಿನಿಂದ ಮಂದಿ ಬರ್ತಿದ್ರು."

ಮೊಗುಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ಮತ್ತ?"

ಆ "ಮತ್ತ" ನನ್ನನ್ನು ಕೆಡಿಸಿತು. "ಉಣ್ಣಾಕ ಕುಂತಾಗ ಬಲಗೈಲಿ ರೊಟ್ಟಿ ಮುರಿದು, ಮೊದಲ ತುತ್ತು ನನಗ ಕೊಡ್ತಿದ್ಲು."

ಗಂಟು ಬಿಚ್ಚುತ್ತಿದ್ದ ಕೈ ನಿಂತಿತು.

"ಬಲಗೈಲೇನ್ರಿ?"

"ಹೂಂ."

"ಅಕಿ ಬಲಗೈ ಹುಟ್ಟಿದಾಗಿಂದ ಸೊಟ್ಟ ಇತ್ರಿ. ಒಂದು ಬೆರಳೂ ಮಡಚಾಕ ಬರ್ತಿದ್ದಿಲ್ಲ. ಕೆಲಸಾನೂ ಎಡಗೈಲೇ, ಊಟಾನೂ ಎಡಗೈಲೇ. ಹೊಸ ಜಾಗದಾಗ ಯಾರರ ಹೇಸ್ತಾರೇನೋ ಅಂತ ಅಂಜಿದ್ಲು." ಅವಳ ದನಿ ಏರಲಿಲ್ಲ. "ಮೊದಲ ದಿನ ಮನಿಗಿ ಬಂದು, ಸಾಹೇಬ್ರು ಏನೂ ಅನ್ಲಿಲ್ಲವ್ವಾ ಅಂದ್ಲು. ಅವತ್ತು ಹೊಟ್ಟಿ ತುಂಬ ಉಂಡ್ಲು."

ಸರಿತಾ ಎದ್ದು ಆಚೆ ಹೋದಳು. ಹತ್ತಾರು ಸುಳ್ಳು ನಾಲಿಗೆಯ ತುದಿಗೆ ಬಂದವು. ಒಂದನ್ನೂ ಆಡಲಾಗಲಿಲ್ಲ.

"ನಾ ನೋಡೇ ಇಲ್ಲ ಯಮ್ಮಾ," ಅಂದೆ. "ಅವತ್ತು ರೊಟ್ಟಿ ಹಿಡ್ಕೊಂಡು ನಿಂತಿದ್ಲು. ನಾ ಫೋನಿನಾಗ ಇದ್ದೆ, ನಾಳಿಗಿ ಅಂದೆ. ಮರುದಿನಾನೂ ಹಂಗ ಅಂದೆ. ಮೂರನೇ ದಿನ ಅಕಿ ಕೇಳಲಿಲ್ಲ, ನನಗೂ ನೆಪ್ಪಾಗಲಿಲ್ಲ. ನಿಮ್ಮ ಕೈ ರೊಟ್ಟಿ ನಾ ಒಂದೂ ತಿಂದಿಲ್ಲ. ಸತ್ತ ಸುದ್ದಿ ಬಂದಾಗ, ಝಾನ್ಸಿ ಅಂದ್ರ ಯಾರು ಅಂತ ಸರಿತಾನ್ನ ಕೇಳಿದೆ. ಅಕಿ ಹೇಳಿದ ಮ್ಯಾಲ ಆ ರೊಟ್ಟಿ ನೆಪ್ಪಾತು. ನಿಮ್ಮ ಮಗಳ ಮುಖ ನನಗ ಗೊತ್ತಿಲ್ಲ."