ಗಾಜಿನ ಪೆಟ್ಟಿಗೆಯ ಕಂಪ್ಯೂಟರ್

ಹಲ್ಲಿನ ಡಾಕ್ಟರಿಗೆ ಹಳೇ ಕಂಪ್ಯೂಟರುಗಳ ಹುಚ್ಚು ಹಿಡಿದದ್ದು ಮದುವೆಯಾದ ಮೇಲೆ. ಮೊದಲೇ ಹಿಡಿದಿದ್ದರೆ ತಾನು ಒಪ್ಪುತ್ತಲೇ ಇರಲಿಲ್ಲ ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು. ಮನೆಯ ಮುಂಗೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಆಕೆಯ ಬಳಿ ಬರುವವರಿಗೇನೂ ಕಡಿಮೆ ಇರಲಿಲ್ಲ.

ಡಾಕ್ಟರು ಕೊಳ್ಳುತ್ತಿದ್ದುದು ಕೀಲಿಮಣೆಯೊಳಗೇ ಮಿದುಳಿರುವ, ಟೀವಿಗೆ ತಂತಿ ಸಿಕ್ಕಿಸಿ ನಡೆಸುವಂಥವು. ಮಾರುವವನು ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದರೆ ಯಂತ್ರ ಸತ್ತಿದೆ ಎಂದೂ, ‘ಸಣ್ಣ ರಿಪೇರಿ’ ಎಂದಿದ್ದರೆ ಒಳಗೆ ಇಲಿ ಸಂಸಾರ ಹೂಡಿದೆ ಎಂದೂ ಅವರು ಪೆಟ್ಟು ತಿಂದು ಕಲಿತಿದ್ದರು. ಕಲಿತೂ ಕೊಳ್ಳುತ್ತಿದ್ದರು.

ಈ ಸಲದ್ದು ಯಾರದೋ ಅಟ್ಟದಿಂದ ಇಳಿದು ಬಂದಿತ್ತು. ಡಾಕ್ಟರು ಹಲ್ಲು ಕೆರೆಯುವ ಕೊಕ್ಕೆಯಿಂದಲೇ ಕೀಲಿಗಳ ಸಂದಿನ ಕೊಳೆ ತೆಗೆದರು. ಉಬ್ಬಿ ಸೋರಿದ್ದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದರು. ಟೀವಿಯಲ್ಲಿ ಅಕ್ಷರ ಮೂಡಿದಾಗ ಅವರ ಕಣ್ಣಲ್ಲಿ ನೀರು ಬಂತು. ರೋಗಿಗಳ ಕಣ್ಣಲ್ಲಷ್ಟೇ ಅದನ್ನು ಕಂಡು ಅಭ್ಯಾಸವಿದ್ದವರು ಅವರು.

ಉಳಿದದ್ದು ಹೊರಮೈ. ಹಾಲಿನ ಬಣ್ಣದ ಪ್ಲಾಸ್ಟಿಕ್ಕು ಬೀಡಿ ಸೇದುವವನ ಹಲ್ಲಿನಂತೆ ಹಳದಿಗಟ್ಟಿತ್ತು. ಅದಕ್ಕೆ ಕೂದಲಿನ ಬಣ್ಣ ತೆಗೆಯುವ ಪೆರಾಕ್ಸೈಡ್ ಕ್ರೀಮ್ ಬಳಿದು ಬಿಸಿಲಿಗಿಡಬೇಕು. ಕ್ರೀಮು ಪಾರ್ಲರಿನ ಕಪಾಟಿನಲ್ಲಿತ್ತು.

“ರೀ! ಅರ್ಧ ತಲೆಗೆ ಹಚ್ಚಿ ಕೂರ್ಸಿದೀನಿ, ಡಬ್ಬ ಖಾಲಿ! ಇನ್ನರ್ಧ ತಲೆಗೆ ಏನು ಮಾಡ್ಲಿ?” ಎಂದು ಹೆಂಡತಿ ಹಿತ್ತಲಿಗೆ ಬಂದರು. ಅಲ್ಲಿ ಕಂಪ್ಯೂಟರಿನ ಮುಚ್ಚಳ ಮೈತುಂಬ ಕ್ರೀಮು ಮೆತ್ತಿಕೊಂಡು ಬಿಸಿಲು ಕಾಯುತ್ತಿತ್ತು.

“ಸ್ವಲ್ಪ ಹೊತ್ತು ಕಾಯೋಕೆ ಹೇಳೇ. ಇದು ಸಿಗೋದು ಅಪರೂಪ,” ಎಂದರು ಡಾಕ್ಟರು.

“ಗಿರಾಕಿ ಏನು ಬೀದೀಲಿ ಬಿದ್ದಿರ್ತಾರಾ?”

ಅಂದಿನಿಂದ ಹೆಂಡತಿ ಗಂಡನ ಜೊತೆ ಮಾತು ಬಿಟ್ಟರು. ಡಾಕ್ಟರು ಫಳಫಳ ಹೊಳೆಯುವ ಯಂತ್ರವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು, ಟೀವಿಯ ಪಕ್ಕದಲ್ಲಿ ಕೂರಿಸಿ, ಯಾರೂ ಮುಟ್ಟಬಾರದೆಂದು ಅಪ್ಪಣೆ ಹೊರಡಿಸಿದರು. ಸಂಗ್ರಾಹಕರ ಸಂಘದ ವಾರ್ಷಿಕ ಬಹುಮಾನಕ್ಕೆ ಅದನ್ನು ಪರೀಕ್ಷಿಸಲು ಅಧ್ಯಕ್ಷರೇ ಮನೆಗೆ ಬರುವವರಿದ್ದರು.

ಆ ಹೊತ್ತಿಗೆ ಡಾಕ್ಟರ ಅತ್ತೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಗೆ ಬಂದರು. ಫೋನಿನ ಅಕ್ಷರ ಅವರಿಗೆ ಇರುವೆ ಸಾಲಿನಂತೆ ಕಾಣುತ್ತಿತ್ತು, ಹೊತ್ತು ಹೋಗುತ್ತಿರಲಿಲ್ಲ. ಗಂಡ ಕ್ಲಿನಿಕ್ಕಿಗೆ ಹೋದದ್ದೇ ತಡ, ಮಗಳು ಗಾಜು ಎತ್ತಿಟ್ಟು ಯಂತ್ರಕ್ಕೆ ಅದರ ಜೊತೆಗೇ ಬಂದಿದ್ದ ಆಟದ ಕ್ಯಾಸೆಟ್ ಹಾಕಿಕೊಟ್ಟರು. ಅರ್ಧ ತಲೆಯ ಗಿರಾಕಿ ಅವರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ.

ಕ್ಯಾಸೆಟ್ಟು ಕಿರುಚಿತು.

“ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ತೇನೋ ನೋಡೇ,” ಎಂದರು ಅತ್ತೆ. ಅಷ್ಟರಲ್ಲಿ ಟೀವಿಯಲ್ಲಿ ಇಟ್ಟಿಗೆಯಷ್ಟು ದಪ್ಪ ಅಕ್ಷರಗಳು ಬಂದವು. “ಆಹಾ! ಅಕ್ಷರ ಅಂದ್ರೆ ಹಿಂಗಿರ್ಬೇಕು ನೋಡು!”

ಅದು ಚುಕ್ಕೆ ತಿನ್ನುತ್ತ ಬೆಳೆಯುವ ಹಾವಿನ ಆಟ. ಅತ್ತೆ ಕೂತರು, ಏಳಲಿಲ್ಲ. ಸಂಜೆ ಅಳಿಯನ ಸ್ಕೂಟರಿನ ಸದ್ದು ಕೇಳಿದಾಗ ಮಾತ್ರ ಗಾಜು ಸ್ವಸ್ಥಾನಕ್ಕೆ ಮರಳುತ್ತಿತ್ತು. ಹೀಗೆ ದಿನಗಳು ಸುಖವಾಗಿ ಕಳೆದವು.

ಅಧ್ಯಕ್ಷರು ಬಂದದ್ದು ಒಂದು ಮಧ್ಯಾಹ್ನ, ಡಾಕ್ಟರ ಜೊತೆಯಲ್ಲೇ, ಕಾರಿನಲ್ಲಿ. ಸ್ಕೂಟರಿನ ಸದ್ದಿಲ್ಲ. ಬಾಗಿಲು ತೆರೆದರೆ ಅತ್ತೆ ಕಾಲು ಚಾಚಿ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, “ತಿರುಗು, ತಿರುಗು ಮುಂಡೇದೇ!” ಎಂದು ಹಾವಿಗೆ ಬುದ್ಧಿ ಹೇಳುತ್ತಿದ್ದರು.

ಬಿಳಿ ಕೈಗವಸು ತೊಟ್ಟಿದ್ದ ಅಧ್ಯಕ್ಷರು ಗೋಡೆ ಹಿಡಿದುಕೊಂಡರು. “ಡಾಕ್ಟ್ರೇ, ಕೀಲಿ ಮೇಲಿನ ಅಕ್ಷರ ಸವೆದಿದೆ! ಇದನ್ನ… ಬಳಸಿದ್ದಾರೆ!”

ಡಾಕ್ಟರು ಖಾಲಿ ಗಾಜಿನ ಪೆಟ್ಟಿಗೆಯನ್ನು ಎತ್ತಿ ಎದೆಗೊತ್ತಿಕೊಂಡು ನಿಂತರು.

“ನಿಮ್ಮ ಮನೇಲೂ ಇಂಥವು ಇದಾವಾ?” ಎಂದು ಅತ್ತೆ ಕೇಳಿದರು, ಕಣ್ಣು ಟೀವಿಯ ಮೇಲೇ.

“ಮಲಗೋಕೆ ಜಾಗ ಇಲ್ಲದಷ್ಟು ಇದಾವಮ್ಮಾ.”

“ಅವುಗಳಲ್ಲಿ ಏನು ಮಾಡ್ತೀರಿ?”

ಅಧ್ಯಕ್ಷರು ಯೋಚಿಸಿದರು. “ಧೂಳು ಒರೆಸ್ತೀವಿ.”

“ಅಯ್ಯೋ ಪಾಪ. ಬನ್ನಿ, ಕೂತ್ಕೊಳ್ಳಿ. ಗವಸು ಬಿಚ್ಚಿ, ಜಾರುತ್ತೆ.”

ಅಧ್ಯಕ್ಷರು ಬೇಡ ಬೇಡ ಎನ್ನುತ್ತಲೇ ಕೂತರು. ಅವರ ಹಾವು ಹುಟ್ಟಿದ ಕೂಡಲೇ ಗೋಡೆಗೆ ತಲೆ ಚಚ್ಚಿಕೊಂಡಿತು. “ಇನ್ನೊಂದು ಸಲ,” ಎಂದರು. ಕತ್ತಲಾಗುವ ಮೊದಲು ಆ ಮಾತನ್ನು ಎಷ್ಟು ಸಲ ಹೇಳಿದರೋ ಅವರಿಗೇ ಗೊತ್ತಿಲ್ಲ. ಮರುದಿನ ಕರೆಯದೆಯೇ ಬಂದರು. ಅದರ ಮರುದಿನ ಬರಿಗೈಲಿ ಬರಬಾರದೆಂದು ತಮ್ಮ ಸಂಗ್ರಹದಲ್ಲಿ ಡಬ್ಬ ಬಿಚ್ಚದೆ ಕಾಪಾಡಿದ್ದ ಜಾಯ್‌ಸ್ಟಿಕ್ಕನ್ನು ಮೊಹರು ಒಡೆದು ತಂದರು.

ಸುದ್ದಿ ಸಂಘಕ್ಕೆ ಮುಟ್ಟಿತು. ಮೊಹರು ಒಡೆದದ್ದು ಮಹಾಪರಾಧವೆಂದು ತುರ್ತುಸಭೆ ಸೇರಿ ಅಧ್ಯಕ್ಷರನ್ನು ಕಿತ್ತುಹಾಕಿದರು. ಆ ಜಾಗಕ್ಕೆ, ಸ್ವಂತ ಮನೆಯಲ್ಲೇ ಅನಾಚಾರ ಕಂಡೂ ಸಂಯಮ ಕಳೆದುಕೊಳ್ಳದವರೆಂದು ಡಾಕ್ಟರನ್ನು ಆರಿಸಿದರು. ಡಾಕ್ಟರು ಹಾರ ಹಾಕಿಸಿಕೊಂಡು, ಯಂತ್ರಗಳ ಪಾವಿತ್ರ್ಯದ ಬಗ್ಗೆ ಉದ್ದ ಭಾಷಣ ಮಾಡಿದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಮನೆಗೆ ಬಂದಾಗ ಹೆಂಡತಿ, ಅತ್ತೆ, ಮಾಜಿ ಅಧ್ಯಕ್ಷರು ಮೂವರೂ ಟೀವಿಯ ಮುಂದೆ ಒತ್ತೊತ್ತಾಗಿ ಕೂತು ನಗುತ್ತಿದ್ದರು. ಹೆಂಡತಿ ಬಹಳ ದಿನಗಳ ಮೇಲೆ ಗಂಡನ ಕಡೆ ತಿರುಗಿ, ಸ್ವಲ್ಪ ಸರಿದು ಜಾಗ ಮಾಡಿದರು. ಡಾಕ್ಟರು ಕೊರಳ ಹಾರದ ಸಮೇತ ಹಾಗೇ ಕೂತರು. ಆ ಯಂತ್ರವನ್ನು ಬದುಕಿಸಿದವರು ಅವರೇ ಆದರೂ ಅದರಲ್ಲಿ ಒಮ್ಮೆಯೂ ಆಡಿರಲಿಲ್ಲ. ಬೆರಳು ಒರೆಸಿಕೊಂಡು ಕೀಲಿಯ ಮೇಲಿಟ್ಟರು.

“ಅಳಿಯಂದ್ರೇ, ಆ ಹಾರ ತೆಗೀರಿ, ಕೀಲಿಗೆ ಅಡ್ಡ ಬರುತ್ತೆ,” ಎಂದರು ಅತ್ತೆ. “ಮೊದಲು ಎಡಕ್ಕೆ ಹೋಗಿ.”

ಡಾಕ್ಟರು ಎಡಕ್ಕೆ ಹೋದರು.