ಟೇಪಯ್ಯ ಬರೆದ ಅರ್ಧ

ನದಿಗಳ ನೀರಿನ ಮಟ್ಟ ಅಳೆಯುವ ಕಚೇರಿಯಲ್ಲಿ ಮಾವನನ್ನು ಎಲ್ಲರೂ ಟೇಪಯ್ಯ ಎನ್ನುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಸೊಸೆ ಬಂದಳು. ಮಾವ ದಿನದಿನದ ಅಂಕಿಗಳನ್ನು ತುಂಬಿಟ್ಟಿದ್ದ ಹಳೆಯ ಮ್ಯಾಗ್ನೆಟಿಕ್ ಟೇಪುಗಳನ್ನು ಕಂಪ್ಯೂಟರಿನಲ್ಲಿ ಓದಿಸಿ ಡಿಸ್ಕಿಗೆ ಇಳಿಸುವುದು ಅವಳ ಕೆಲಸ. ಓದಿಸಿದಳು. ಹಳೆಯ ಯುನಿಕ್ಸ್ ಕಂಪ್ಯೂಟರ್ ಒಂದು ದೋಷವನ್ನೂ ಹೇಳಲಿಲ್ಲ. ಆದರೆ ಪ್ರತಿ ದಿನದ ಅಂಕಿಗಳು ಮಧ್ಯಾಹ್ನಕ್ಕೇ ನಿಂತಿದ್ದವು.

"ಇರೋದೇ ಇಷ್ಟು ಸಾರ್. ಬರೆದವ್ರೇ ಅರ್ಧ ಬರ್ದಿದಾರೆ," ಎಂದು ಸಭೆಯಲ್ಲಿ ಹೇಳಿಬಿಟ್ಟಳು.

ಸಾಹೇಬರು ಮಾವನನ್ನೇ ಕರೆಸಿದರು. "ಏನ್ ಟೇಪಯ್ಯ, ಊಟ ಆದ್ಮೇಲೆ ನದಿ ನಿದ್ದೆ ಮಾಡ್ತಿತ್ತೋ, ನೀವೋ?" ಕೋಣೆಯೆಲ್ಲ ನಕ್ಕಿತು.

ಮಾವ ಸೊಸೆಯ ಮುಖ ನೋಡಿದರು. "ಅವಳು ಸುಳ್ಳು ಹೇಳೋಳಲ್ಲ. ನನ್ನಿಂದ್ಲೇ ತಪ್ಪಾಗಿರ್ಬೇಕು, ಕ್ಷಮಿಸಿ," ಎಂದು ಕೈಮುಗಿದು, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು.

ಮತ್ತೆ ಪರದೆಯ ಮುಂದೆ ಕೂತವಳಿಗೆ ಒಂದು ವಿಷಯ ಚುಚ್ಚಿತು. ಮೈಮರೆತು ಕೆಲಸ ಮಾಡುವವರು ಒಂದೊಂದು ದಿನ ಒಂದೊಂದು ಕಡೆ ತಪ್ಪುತ್ತಾರೆ. ಇಲ್ಲಿ ದಿನದಿನವೂ ಅದೇ ಜಾಗದಲ್ಲಿ, ಒಂದು ಅಂಕಿಯ ನಡುವೆಯೇ ತುಂಡಾಗಿತ್ತು. ಇದು ಮನುಷ್ಯನ ಮರೆವಲ್ಲ. ಮಾವ ಇಡೀ ದಿನದ್ದನ್ನು ಒಂದೇ ದೊಡ್ಡ ಬ್ಲಾಕಾಗಿ, ಒಂದೇ ಕಂತೆಯಾಗಿ ಬರೆದಿದ್ದರು. ಓದುವ ಕಮಾಂಡಿನಲ್ಲಿ ಇವಳು ಒಂದು ಸಲಕ್ಕೆ ಇಷ್ಟು ಓದು ಎಂದು ವಾಡಿಕೆಯ ಸಣ್ಣ ಅಳತೆ ಕೊಟ್ಟಿದ್ದಳು. ಆ ಯಂತ್ರದ ರೀತಿಯೇ ಹಾಗೆ: ಲೋಟ ಹಿಡಿದವರಿಗೆ ಲೋಟದಷ್ಟು ಸುರಿದು, ಕೊಡದಲ್ಲಿ ಮಿಕ್ಕಿದ್ದನ್ನು ತುಟಿಪಿಟಕ್ಕೆನ್ನದೆ ನೆಲಕ್ಕೆ ಚೆಲ್ಲಿ, ಮುಂದಿನ ಕೊಡಕ್ಕೆ ಹೋಗುತ್ತದೆ. ಅಳತೆ ದೊಡ್ಡದು ಮಾಡಿ ಒಂದು ಟೇಪನ್ನು ಮತ್ತೆ ಓದಿಸಿದಳು. ಮಧ್ಯಾಹ್ನ ಬಂತು, ಸಂಜೆ ಬಂತು, ಇರುಳಿನ ನೀರೂ ಬಂತು. ದೇವರೇ ಎಂದು ಕಣ್ಣು ಮುಚ್ಚಿದಳು. ಕಿವಿಯವರೆಗೂ ಬಿಸಿಯೇರಿತ್ತು.

ಬೆಂಚಿನ ಹತ್ತಿರ ಹೋಗಿ ನಿಂತಳು. "ಮಾವ, ನೀವು ಪೂರ್ತಿ ಬರ್ದಿದ್ರಿ. ನಾನೇ ಅರ್ಧ ಓದ್ದೆ."

ಅವರು ಬೈದಿದ್ದರೆ ಹಗುರಾಗುತ್ತಿತ್ತು. ತಲೆ ತಗ್ಗಿಸಿ ಅಂಗೈ ನೋಡಿಕೊಂಡರು. "ನೀನು ಹೇಳಿದ್ದು ಹೋಗ್ಲಿ ಕಣಮ್ಮ. ನಾನೂ ನಂಬಿಬಿಟ್ನಲ್ಲ! ಈ ಕೈ ಪರವಾಗಿ ನಾನೇ ಒಂದ್ ಮಾತು ಆಡ್ಲಿಲ್ಲ."

ಅಷ್ಟು ಜನರೆದುರು ಆಡಿದ್ದನ್ನು ಬೆಂಚಿನ ಬಳಿ ಪಿಸುಗುಟ್ಟಿ ತಿದ್ದಲಾಗದು ಎಂದು ಅವಳಿಗೆ ಅನಿಸಿತು.

"ಏಳಿ ಮಾವ, ಒಳಗೆ ಬನ್ನಿ."

"ಬಿಡಮ್ಮ. ಹೊಸ ಕೆಲ್ಸ, ನಿನ್ನ ಮರ್ಯಾದೆ ಹೋಗುತ್ತೆ."

"ನಿಮ್ಮದು ಹೋದ ಕಡೇನೇ ಹೋಗ್ಲಿ."

ಸಾಹೇಬರ ಕೋಣೆಯಲ್ಲಿ ಸಭೆಯವರೆಲ್ಲ ಇನ್ನೂ ಚಹಾ ಕುಡಿಯುತ್ತಿದ್ದರು. ಅವಳು ಮಾವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಗಿಲಲ್ಲೇ ಹೇಳಿದಳು: "ಟೇಪು ಪೂರ್ತಿ ಇದೆ ಸಾರ್. ಅರ್ಧ ಓದಿದ್ದು ನಾನು." ಮಾತಿನ ಗದ್ದಲದಲ್ಲಿ ಎರಡು ಸಲ ಹೇಳಬೇಕಾಯಿತು. ಸಾಹೇಬರು ಲೋಟ ಕೆಳಗಿಟ್ಟು ಎದ್ದು, ಕುರ್ಚಿ ಎಳೆದು, "ಕೂತ್ಕೊಳ್ಳಿ ಟೇಪಯ್ಯನವ್ರೇ," ಎಂದರು.

ಮಾವ ತಮ್ಮ ಅಂಗೈಯನ್ನೇ ನೋಡಿಕೊಂಡರು, ಕೂರಲಿಲ್ಲ. ಸೊಸೆ ತಲೆ ಎತ್ತಲಿಲ್ಲ.